ಖಾಲಿ ಯಂತ್ರದ ಉಸಿರು

ಹನೂರು, ಬುಧವಾರ

ಗುರುಪ್ರಕಾಶ್ ಅವರಿಗೆ, ಜೇನು ಪರೀಕ್ಷಾ ಕೇಂದ್ರದಿಂದ ನಾಗಶ್ರೀಯ ನಮಸ್ಕಾರ.

ನೀವೂ ನಮ್ಮಣ್ಣ ಶಿವಕುಮಾರಸ್ವಾಮಿಯೂ ಸೇರಿ ಮಾಡಿದ ಸಿಗ್ನಲ್ ಕಾರ್ಡನ್ನು ಜೇನಿನ ಕಲಬೆರಕೆ ಹಿಡಿಯುವ ಇನ್‌ಫ್ರಾರೆಡ್ ಯಂತ್ರಕ್ಕೆ ಹಾಕಿದ ಮೇಲೆ, ಐದು ನಿಮಿಷದ ಲೆಕ್ಕ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತಿದೆ. ಅಣ್ಣ ಇದನ್ನು ನೋಡಲು ಬದುಕಿ ಉಳಿಯಲಿಲ್ಲ.

ಆದರೆ ಜೇನು ಇಡದಿದ್ದರೂ ಪರದೆಯ ಮೇಲೆ ಒಂದು ಗೆರೆ ಏರಿಳಿಯುತ್ತಿದೆ. ಮನುಷ್ಯರ ಉಸಿರು ತಾಗಿದರೆ ಏಳುವ ಗೆರೆ ಅದು ಎಂದು ನೀವೇ ಹೇಳಿದ್ದಿರಿ. ನಾನೂ ಸಹಾಯಕಿ ರಾಣಿಯೂ ಆಚೆ ಬಂದು, ಬಾಗಿಲು ಹಾಕಿ ಗಾಜಿನಿಂದ ನೋಡಿದೆವು. ಗೆರೆ ನಿಲ್ಲಲಿಲ್ಲ. ಎರಡು ಗಿಡ್ಡ ಉಸಿರು, ಒಂದು ತಡೆ, ಆಮೇಲೆ ಒಂದು ಉದ್ದದ್ದು. ಉಬ್ಬಸ ಬಂದಾಗ ಅಣ್ಣ ಹೀಗೇ ಉಸಿರಾಡುತ್ತಿದ್ದ.

"ಯಾರೋ ಏದುಸ್ರು ಬುಡ್ತಾವ್ರೆ ಕಣಕ್ಕಾ" ಎಂದು ರಾಣಿ ನನ್ನ ಕೈ ಹಿಡಿದಳು.

ನಿನ್ನೆ ಅಮ್ಮನನ್ನು ಕರೆತಂದು, ಏನೂ ಹೇಳದೆ ಯಂತ್ರದ ಪಕ್ಕ ಕೂರಿಸಿದೆ. ಅದರ ಮುಚ್ಚಳ ಸವರಿ, "ಬೆಚ್ಗದೆ ಕಣವ್ವ" ಎಂದಳು. ಅವಳು ಎದ್ದು ಹೋಗಿ ಎಷ್ಟೋ ಹೊತ್ತಾದ ಮೇಲೂ ಗೆರೆ ನಿಧಾನವಾಗಿ, ಒಂದೇ ಸಮನೆ ಏರಿಳಿಯುತ್ತಿತ್ತು. ನಡುವಿನ ತಡೆ ಇರಲಿಲ್ಲ.

ಫೋನಿನಲ್ಲಿ ನೀವು ಇದನ್ನು ದೋಷ ಎಂದಿರಿ, ಶುಕ್ರವಾರ ಬಂದು ಕಾರ್ಡ್ ಬದಲಿಸುತ್ತೇನೆ ಎಂದಿರಿ. ದಯವಿಟ್ಟು ಬರಬೇಡಿ. ಕರೆಂಟು ಹೋದರೂ ನಿಲ್ಲದಂತೆ ಬ್ಯಾಟರಿ ಹಾಕಿಸಿದ್ದೇನೆ.

ನಿಮ್ಮ ಗೆಳೆಯನ ತಂಗಿ,
ನಾಗಶ್ರೀ