ಭೀಮಮ್ಮನ ಸಹಿ

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಚರ್ಚಿನ ಗಂಟೆ ಬಾರಿಸಿ ಬಂದೆ. ಒಂದು ಏಟು ಹೆಚ್ಚಿಗೆ — ಎಣಿಸುವವರ ತಲೆ ಕೆಡಲಿ ಅಂತ. ಚಹಾ ಎರಡು ಕಪ್.

ಇಪ್ಪತ್ತಾರು ವರ್ಷ ನಾರಾಯಣಪುರ ಕಾಲುವೆ ಮೇಲೆ ದಿನಗೂಲಿ. ಇರಿಗೇಶನ್‌ನವರು ಖಾಯಂ ಮಾಡಲಿಲ್ಲ. ಈಗ ದೇವರು ‘ಖಾಯಂ ಡೀಕನ್’ ಆಗು, ಫಾದರ್ ಕೈಕೆಳಗೆ ಚರ್ಚಿನ ಸೇವೆ ಮಾಡು ಅನ್ನುತ್ತಿದ್ದಾನೆ. ಹೆಂಡತಿ ಇದ್ದವನೂ ಆಗಬಹುದು. ಜ್ಞಾನಸ್ನಾನ ಕೊಡಬಹುದು, ಪ್ರಸಂಗ ಹೇಳಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಆದರೆ ಹೆಂಡತಿ ಒಪ್ಪಿ ಸಹಿ ಹಾಕಬೇಕು. ಭಾನುವಾರ ಕಾಗದ ಬಿಷಪ್ಪರಿಗೆ ಹೋಗಬೇಕು.

ಶಹಾಪುರಕ್ಕೆಲ್ಲ ಟೋಪಿ ಹಾಕಿದವನು ನಾನು. ಇದು ಕರೆಯೋ, ದೇವರು ನನಗೆ ಹಾಕುತ್ತಿರುವ ಟೋಪಿಯೋ...

ಮಾರ್ಚ್ 5, ಬೂದಿ ಬುಧವಾರ

ಫಾದರ್ ಹಣೆಗೆ ಹಚ್ಚಿದ ಬೂದಿ ಉದುರುವ ಮೊದಲೇ ಹೆಂಡತಿ ಭೀಮಮ್ಮನ ಮುಂದೆ ಕಾಗದ ಇಟ್ಟೆ.

“ಇದೂ ನಿಮ್ಮ ಚೇಷ್ಟೇನ?”

“ಇಲ್ಲ, ಖರೇನ ಹೇಳಾಕತ್ತೇನಿ.”

“ಅವತ್ತೂ ಖರೇ ಅಂತನ ತಿಳದಿದ್ನಿ.”

ಅವತ್ತು... ಮದುವೆಯಾದ ವರ್ಷ. ನಾನು ಕಾಲುವೆಯಲ್ಲಿ ಕೊಚ್ಚಿಹೋದೆ ಅಂತ ನಾನೇ ಹೇಳಿ ಕಳಿಸಿದ್ದೆ. ಅರ್ಧ ತಾಸಿಗೆ ನಗುತ್ತ ಬಂದೆ. ಹೊಸ್ತಿಲ ಮೇಲೆ ಬಳೆಚೂರು. ಅವಳ ಕೈಯಲ್ಲಿ ರಕ್ತ.

ಮೂವತ್ತೊಂದು ವರ್ಷ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಫಾದರ್ ಅವರನ್ನೂ.

ಮಾರ್ಚ್ 8, ಶನಿವಾರ

ಸಹಿ ಇನ್ನೂ ಬಿದ್ದಿಲ್ಲ. ಫಾದರ್ ಬಂದರು. “ಒತ್ತಾಯ ಇಲ್ಲಮ್ಮಾ, ಮನಸ್ಸಿದ್ದರೆ ಮಾತ್ರ.”

“ಆ ಬಳಿ ಕಥಿ ಇವರ ಬಾಯಿಂದ ಇನ್ನೊಮ್ಮೆ ಕೇಳ್ರಿ ಫಾದರ್. ಈ ಸಲ ನಗಿಸದ ಹೇಳ್ಲಿ.”

ಹೇಳಿದೆ. ಎಲ್ಲರೂ ನಗುವ ಜಾಗಕ್ಕೆ ಬಂದೆ — ಹೊಸ್ತಿಲು, ಬಳೆ. ಯಾರೂ ನಗಲಿಲ್ಲ. ಕಥೆ ಅಲ್ಲಿಗೇ ಬಿಟ್ಟೆ. ಫಾದರ್ ಚಹಾ ಕುಡಿಯದೆ ಎದ್ದರು.

ಮಾರ್ಚ್ 9, ಭಾನುವಾರ, ಬೆಳಿಗ್ಗೆ ಆರು

ಚರ್ಚಿನ ಪೂಜೆಗೆ ಇನ್ನೊಂದು ತಾಸು. ಕಾಗದದಲ್ಲಿ ಸಹಿಯ ಜಾಗ ಖಾಲಿ.

“ಏನ್ ಬರ್ದಾರ, ಓದ್ರಿ,” ಅಂದಳು ಭೀಮಮ್ಮ.

ಓದಿದೆ. ‘ಹೆಂಡತಿ ತೀರಿಕೊಂಡರೆ ಮತ್ತೆ ಮದುವೆಯಾಗುವಂತಿಲ್ಲ.’

“ನಾ ಸತ್ರ ಒಬ್ಬರ ಇರ್ತೀರಿ?”

“ಒಬ್ನ ಇರ್ತೀನಿ.”

“ಅವತ್ತ ಅರ್ಧ ತಾಸು ನಾ ಇದ್ದಂಗ?”

ಕಾಗದ ಅವಳತ್ತ ಸರಿಸಿದೆ.

ಅವಳು ಅದನ್ನು ತಗೊಂಡು ಒಳಗೆ ಹೋದಳು. ಅದಕ್ಕೇ ಇಲ್ಲಿ ಕೂತು ಗೀಚುತ್ತಿದ್ದೇನೆ. ಸಹಿ ಇಲ್ಲದೆ ಹೋದರೆ ಫಾದರ್‌ಗೆ ಏನು ಹೇಳಲಿ... ಬಳೆ ಸದ್ದು. ಹಿಂದೆ ಬಂದು ನಿಂತಿದ್ದಾಳೆ. ಕಾಗದ ಅವಳ ಕೈಯಲ್ಲಿ. ಮನೆಯಲ್ಲಿರುವುದು ಇದೊಂದೇ ಪೆನ್ನು.

“ಬರ್ದಿದ್ದು ಸಾಕು. ತರ್ರಿ ಇಲ್ಲಿ,” ಅಂದಳು. ಪೆನ್ನು ಕೊಡುತ್ತಿದ್ದೇ—