ಸುಣ್ಣ ಎರಚಿದ ಕೋಣೆ

ಹಿಂದೂಪುರ
28 ನವೆಂಬರ್ 2021

ಪ್ರೀತಿಯ ಗಂಗಕ್ಕನಿಗೆ,

ಬನಶ್ರೀಯ ನಮಸ್ಕಾರಗಳು. ನಾವು ಚೆನ್ನಾಗಿದ್ದೇವೆ, ಕಲ್ಯಾಣದುರ್ಗದಲ್ಲಿ ನೀನು, ಭಾವ, ಮಕ್ಕಳು ಹೇಗಿದ್ದೀರಿ? ಬರೆಯುತ್ತೇನೆ ಬರೆಯುತ್ತೇನೆ ಅಂದುಕೊಂಡೇ ತಿಂಗಳು ತಳ್ಳಿದೆ, ಬೈಯಬೇಡ. ಫೋನ್ ಮಾಡೋಣವೆಂದರೆ ನಮ್ಮ ಮುತ್ಯಾಲಮ್ಮತ್ತೆ 'ಸ್ಪೀಕರ್ ಹಾಕಮ್ಮಿ, ನಾನೂ ಕೇಳ್ತೀನಿ' ಅಂತ ಪಕ್ಕದಲ್ಲೇ ಕೂರುತ್ತಾರೆ. ಇದು ಸ್ಪೀಕರಿಗೆ ಹಾಕುವ ಸುದ್ದಿಯಲ್ಲ ಕಣಕ್ಕ.

ಮೇ ತಿಂಗಳಲ್ಲಿ ನಮ್ಮನೆಯವರಿಗೆ ಕೊರೊನಾ ಬಂದು, ಹದಿನೇಳು ದಿನ ಒಬ್ಬರೇ ರೇಷ್ಮೆ ಹುಳದ ಮನೆಯಲ್ಲಿ ಮಲಗಿದ್ದರಲ್ಲ? ವಾಸಿಯಾಗಿ ಒಳಗೆ ಬಂದ ಮೇಲೂ ನನ್ನಿಂದ ದೂರವೇ ಉಳಿದರು. ಒಂದೆರಡು ಸಲ ಹತ್ತಿರ ಬಂದರೂ ಆಗಲಿಲ್ಲ. ಮೈಯೆಲ್ಲ ಬೆವೆತು ಎದ್ದು ಹೋದರು. ದಸರಾ ಹೊತ್ತಿಗೆ, 'ನನ್ ಕೈಲಿ ಇನ್ನಾಗಲ್ಲ ಕಣೆ, ನಿನ್ ಬಾಳ್ ಯಾಕೆ ಹಾಳಾಗ್ಬೇಕು, ತವರಿಗೆ ಹೋಗ್ಬುಡು' ಅಂದರು. ಅವತ್ತೇ ನಾನು ಬಚ್ಚಲಲ್ಲಿ ಕೂತು ನಿನಗೆ ಫೋನ್ ಮಾಡಿ, 'ಇವರಿಗೆ ನಾನು ಬೇಡವಾಗಿದ್ದೇನೆ' ಅಂತ ಅತ್ತಿದ್ದು.

ಮಗ ಬೇರೆ ಚಾಪೆ ಹಾಸಿದ್ದನ್ನು ಕಂಡ ಅತ್ತೆ ಏನು ತಿಳಿದರು ಗೊತ್ತೆ? ಕೋಣೆಯಲ್ಲಿ ರೋಗ ಉಳಿದಿದೆ ಅಂತ! ಒಂದು ರೇಷ್ಮೆ ಬೆಳೆ ಮುಗಿದ ಮೇಲೆ ಹುಳದ ಮನೆಗೆ ಮಾಡುವಂತೆ, ನಮ್ಮ ಹಾಸಿಗೆಯ ಸುತ್ತ ಸುಣ್ಣ, ಬ್ಲೀಚಿಂಗ್ ಪೌಡರ್ ಎರಚಿಬಿಟ್ಟರು. 'ಹುಳಕ್ಕೇ ಒಳ್ಳೇದಾಗ್ತದೆ, ಮನುಷ್ಯರಿಗಾಗಲ್ವಾ?' ಅಂತ ಬೇರೆ. ಕಣ್ಣು ಮೂಗು ಉರಿದು ಇಬ್ಬರೂ ಸೀನುತ್ತಾ ಮಾಳಿಗೆಗೆ ಓಡಿದೆವು. ಅವರ ಮೀಸೆಗೆಲ್ಲ ಸುಣ್ಣ. ನಾನು ನಕ್ಕೆ, ಅವರೂ ನಕ್ಕರು. ಐದು ತಿಂಗಳಿಗೆ ಅದೇ ಮೊದಲ ನಗು. ಆ ಧೈರ್ಯದಲ್ಲೇ 'ಡಾಕ್ಟರ ಹತ್ತಿರ ಇಬ್ರೂ ಹೋಗೋಣ' ಅಂದುಬಿಟ್ಟೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, 'ಕಂಗಾರು ಪಡಕಂಡಿ' ಅಂತ ತೆಲುಗಿನಲ್ಲಿ ಅಂದರು. ಗಾಬರಿ ಬೇಡವಂತೆ. ಕಾಯಿಲೆಯ ಭಯ, ನಿದ್ದೆಗೇಡು, ಸುಸ್ತು ಸೇರಿ ಎಷ್ಟೋ ಜನಕ್ಕೆ ಹೀಗಾಗಿದೆಯಂತೆ. 'ಸ್ವಲ್ಪ ದಿನ ಸುಮ್ನೆ ಕೈ ಹಿಡ್ಕೊಂಡು ಮಾತಾಡಿ, ಅಷ್ಟೇ' ಅಂದರು. ಚಾಚೂ ತಪ್ಪದೆ ಹಾಗೇ ಮಾಡಿದೆವು, ಮೊನ್ನೆ ಗುರುವಾರದವರೆಗೆ. ಗುರುವಾರ ತಪ್ಪಿದೆವು! ನಾಚಿಕೆ ಬಿಟ್ಟು ಹೇಳುತ್ತೇನೆ, ನಾವು ಮತ್ತೆ ಗಂಡ ಹೆಂಡತಿ. ಬೆಳಿಗ್ಗೆ ಅವರು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಹಾಡಿದ್ದು ಕೇಳಿ ಅತ್ತೆ, 'ನೋಡ್ದಾ ನನ್ ಸುಣ್ಣ!' ಎಂದು ಬೀಗುತ್ತಿದ್ದಾರೆ. ಬೀಗಲಿ ಬಿಡು.

ಮಕ್ಕಳಿಗೆ ಮುದ್ದು, ಭಾವನಿಗೆ ನಮಸ್ಕಾರ. ನಿನ್ನ ಮನೆ ತಣ್ಣಗಿರಲಿ, ನಿನ್ನ ಹರಕೆ ನಮ್ಮಿಬ್ಬರ ಮೇಲಿರಲಿ.

ನಿನ್ನ ತಂಗಿ,
ಬನಶ್ರೀ

ತಾ.ಕ.: ಒಂದನ್ನು ನಿನ್ನಿಂದಲೂ ಮುಚ್ಚಿಟ್ಟಿದ್ದೆ. ವಾಸಿಯಾಗಿ ಬಂದ ದಿನ ಅವರು ನನ್ನ ಪಕ್ಕ ಕೂತು ಒಂದು ಸಲ ಕೆಮ್ಮಿದರು. ನಾನು ಸೆರಗಿನಿಂದ ಮೂಗು ಮುಚ್ಚಿ ಗೋಡೆಗೆ ಸರಿದೆ. ನಿನ್ನೆ 'ಅದಕ್ಕೇನಾ ಹಿಂಗಾಗಿದ್ದು?' ಅಂತ ಕೇಳಿದೆ. ಅವರು, 'ಅವತ್ತಿಂದ ನಿನ್ನ ಮುಟ್ಟಕ್ಕೇ ಹೆದರ್ಕೆ ಆಗ್ಬುಡ್ತು' ಅಂದರು. ಮೊದಲು ದೂರ ಸರಿದವಳು ನಾನೇ ಅಕ್ಕ. ನನ್ನ ಮಾತು ನಂಬಿ ಅಮ್ಮನ ಹತ್ತಿರ ಅಳಿಯನ ಮೇಲೆ ದೂರು ಹೇಳಿದ್ದೀಯಲ್ಲ, ನಿಜವನ್ನೂ ನೀನೇ ಹೇಳು. ಸಂಕ್ರಾಂತಿಗೆ ಅವರು ತಲೆ ಎತ್ತಿಕೊಂಡು ನಮ್ಮ ತವರಿಗೆ ಬರಬೇಕು.