ಆಮೆಯ ಬೆನ್ನಿನ ಕೊನೆಯ ಸುತ್ತು

ಕ್ಲಿಯರ್ ಲೇಕ್, ಹ್ಯೂಸ್ಟನ್
೧೭ ಆಗಸ್ಟ್ ೨೦೨೫

ಪ್ರೀತಿಯ ಪ್ರಿಯಂವದಾ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಬೈಯಬೇಡ. ಬೈದರೂ ಸರಿಯೇ, ಈ ಸಲ ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಡಲ್ಲಾಸಿನಲ್ಲಿ ನಿನ್ನ ಅಣ್ಣನ ಮಗಳು ನಿನ್ನನ್ನು ಈಜುಕೊಳಕ್ಕೆ ಇಳಿಸುತ್ತಿದ್ದಾಳೆಂದು ಬರೆದಿದ್ದೆಯಲ್ಲ, ಆ ವೇಷದಲ್ಲಿ ನಿನ್ನನ್ನು ನೆನೆಸಿಕೊಂಡು ಒಬ್ಬಳೇ ನಕ್ಕಿದ್ದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತೇಲಿಸಿಬಿಡುತ್ತೇನೆ. ಅದಕ್ಕೇ ಕಾಗದ. ಜೊತೆಗಿರುವ ಪೆಟ್ಟಿಗೆಯಲ್ಲಿ ಒಂದು ಆಮೆ ಇದೆ. ಅದು ನಿನಗಲ್ಲ, ಯಾರಿಗೆಂದು ಮುಂದೆ ಹೇಳುತ್ತೇನೆ.

ಜುಲೈನಲ್ಲಿ ಇಲ್ಲಿನ ಲೈಬ್ರರಿಯಲ್ಲಿ ಹೆಣಿಗೆ ಕಲಿಸುತ್ತಾರೆಂದು ಮೊಮ್ಮಗಳು ಸಿಯಾ ನನ್ನನ್ನು ಎಳೆದುಕೊಂಡು ಹೋದಳು. ‘ಅಜ್ಜಿ, ಯು ವಿಲ್ ಲವ್ ಇಟ್’ ಅಂದಳು. ನಾನು ಉಲ್ಲನ್ ಇರಬಹುದೆಂದು ಕನ್ನಡಕ ಒರೆಸಿಕೊಂಡು ಹೋದರೆ, ಮೇಜಿನ ತುಂಬ ಮೀನಿನ ಬಲೆ. ಹರಿದ ಬಲೆ, ಹಡಗಿನ ಹಗ್ಗ, ಗ್ಯಾಲ್ವೆಸ್ಟನ್ ದಡದಲ್ಲಿ ಹೆಕ್ಕಿದ ನೈಲಾನ್ ದಾರ. ಅದರ ಹಿಂದೆ ನಮ್ಮ ವಯಸ್ಸಿನ, ನಮ್ಮಷ್ಟೇ ಕಪ್ಪಗಿನ ಹೆಂಗಸೊಬ್ಬಳು ಕೂತಿದ್ದಳು. ಹೆಸರು ಮೇವಿಸ್. ಆಸ್ಟ್ರೇಲಿಯಾದ ಉತ್ತರ ತೀರದ ಮೂಲನಿವಾಸಿ. ಅವರ ಹೆಣಿಗೆಯ ಪ್ರದರ್ಶನ ಟೆಕ್ಸಸ್ಸಿನ ಊರೂರು ಸುತ್ತುತ್ತಿದೆ, ಅದರ ಜೊತೆ ಬಂದವಳು. ಅವರ ಕಡೆಯೂ ಹಿರಿಯ ಹೆಂಗಸರನ್ನು ಆಂಟಿ ಎಂದೇ ಕರೆಯುವುದಂತೆ. ಸಿಯಾಗೆ ಸಲೀಸಾಯಿತು.

ಯಾವುದೋ ದೇಶದ ದೋಣಿಯವರು ಹರಿದ ಬಲೆಯನ್ನು ನಡುಸಮುದ್ರದಲ್ಲಿ ಬಿಟ್ಟು ಹೋಗುತ್ತಾರಂತೆ. ಹೇಳುವವರು ಕೇಳುವವರಿಲ್ಲದ ಆ ಬಲೆ ತೇಲುತ್ತಲೇ ಆಮೆ, ಮೀನು, ಸಿಕ್ಕಿದ್ದನ್ನೆಲ್ಲ ಹಿಡಿದು ಸಾಯಿಸುತ್ತದೆ. ಕೊನೆಗೆ ಇವರ ದಡಕ್ಕೆ ಬಂದು ಬೀಳುತ್ತದೆ. ಇವರ ಹೆಂಗಸರು ಅದನ್ನು ಎಳೆದು, ಕತ್ತರಿಸಿ, ತೊಳೆದು, ಬುಟ್ಟಿ ಹೆಣೆಯುತ್ತಾರೆ, ಅದೇ ಆಮೆ ಮೀನುಗಳನ್ನೂ ಹೆಣೆಯುತ್ತಾರೆ. ಮೇವಿಸಳ ಅಜ್ಜಿ ನಮ್ಮ ಕೇದಗೆ ಜಾತಿಯ ಗಿಡದ ಎಲೆ ಸೀಳಿ ಹೆಣೆಯುತ್ತಿದ್ದಳಂತೆ. ಹೆಣಿಗೆ ಆ ಅಜ್ಜಿಯದೇ, ಎಲೆಯ ಬದಲು ಬಲೆ. ‘ನಾವು ಬಿಸಾಡಿದ್ದಲ್ಲ. ಆದರೆ ನಮ್ಮ ದಡಕ್ಕೆ ಬಂದ ಮೇಲೆ ನಾವೇ ನೋಡಿಕೊಳ್ಳಬೇಕಲ್ಲ’ ಅಂದಳು.

ನಾನು ಸ್ಕೂಲಿನಲ್ಲಿ ಮಕ್ಕಳಿಗೆ ವೈರ್ ಬುಟ್ಟಿ ಹೆಣೆಯಲು ಕಲಿಸುವಾಗ ನೀನು ಪಕ್ಕದ ಡ್ರಾಯಿಂಗ್ ರೂಮಿನಿಂದ ಬಂದು ‘ನಿನ್ನದು ಕಲೆಯಲ್ಲ ಕಣೇ, ತರಕಾರಿ ಚೀಲ’ ಎಂದು ರೇಗಿಸುತ್ತಿದ್ದೆಯಲ್ಲ, ಆ ಬುಟ್ಟಿಯ ಗಂಟನ್ನು ಅಲ್ಲಿ ಹಾಕಿ ತೋರಿಸಿದೆ. ಮೇವಿಸ್ ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. ಮರುದಿನದಿಂದ ನಮ್ಮ ಮನೆಗೇ ಬರತೊಡಗಿದಳು.

ಸೊಸೆ ತುಳಸಿ ಮೂಗು ಮುಚ್ಚಿಕೊಂಡು, ‘ಅತ್ತೆ, ಪ್ಲೀಸ್, ಗರಾಜಲ್ಲೇ ಇಟ್ಕೊಳಿ. ಮೀನಿನ ವಾಸನೆ ಮನೆಯೆಲ್ಲ ಸ್ಪ್ರೆಡ್ ಆಗುತ್ತೆ’ ಅಂದಳು. ನಾನು ಬಲೆಯನ್ನು ಬಕೆಟ್ಟಿನಲ್ಲಿ ಸೋಪಿನಪುಡಿ, ನಿಂಬೆಸಿಪ್ಪೆ ಹಾಕಿ ನೆನೆಸಿದೆ. ಮೇವಿಸ್ ಮೂಸಿ ನೋಡಿ, ‘ಸಮುದ್ರವನ್ನೇ ತೊಳೆದುಬಿಟ್ಟೆಯಲ್ಲ ತಂಗಿ’ ಎಂದು ನಕ್ಕಳು. ಗರಾಜಿನ ಬಾಗಿಲು ಎತ್ತಿ, ಟೇಬಲ್ ಫ್ಯಾನ್ ಇಟ್ಟುಕೊಂಡು, ಇಬ್ಬರೂ ಸೇರಿ ಈ ಆಮೆ ಶುರುಮಾಡಿದೆವು. ತಲೆ, ಕಾಲು ಅವಳದು. ಬೆನ್ನು ನನ್ನದು.

ಒಂದು ದಿನ ಅವಳ ಗಂಡನ ಹೆಸರು ಕೇಳಿದೆ. ತಲೆಯಾಡಿಸಿದಳು. ಅವರಲ್ಲಿ ಸತ್ತವರ ಹೆಸರನ್ನು ಬಹಳ ಕಾಲ ಬಾಯಲ್ಲಿ ಆಡುವುದಿಲ್ಲವಂತೆ. ‘ನಮ್ಮಲ್ಲಿ ಬದುಕಿದ್ದಾಗಲೂ ಗಂಡನ ಹೆಸರು ಆಡುವುದಿಲ್ಲ’ ಅಂದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಮೆಲ್ಲಗೆ, ‘ಹೋದ ಮಳೆಗಾಲದಲ್ಲಿ ಹೋದರು. ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಎಲ್ಲರೂ ಐ ಯಾಮ್ ಸಾರಿ ಅಂತಾರೆ, ಅವರನ್ನು ನಾನೇ ಸಮಾಧಾನ ಮಾಡಬೇಕಾಗುತ್ತೆ. ನೀನೂ ಹೇಳಬೇಡ’ ಅಂದಳು. ನಾನು ಅವಳ ಕೈ ಮುಟ್ಟಿ ಇಲ್ಲವೆಂದೆ. ಇಷ್ಟು ವರ್ಷ ಈ ಊರಿನಲ್ಲಿದ್ದೂ ಒಬ್ಬರೂ ನನ್ನನ್ನು ನಂಬಿ ಒಂದು ಮಾತು ಹೇಳಿರಲಿಲ್ಲ, ಪ್ರಿಯಂವದಾ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮೇವಿಸಳನ್ನು ಕರೆದದ್ದು ತುಳಸಿಯೇ. ಆ ಹುಡುಗಿಯ ಮನಸ್ಸು ಒಳ್ಳೆಯದು, ಮೂಗು ಮಾತ್ರ ಚುರುಕು. ಸುತ್ತಲಿನ ಕೇಟಿ, ಶುಗರ್ ಲ್ಯಾಂಡ್ ಊರುಗಳ ಕಡೆಯಿಂದೆಲ್ಲ ರೇಷ್ಮೆ ಸೀರೆಯವರು ಬಂದಿದ್ದರು. ಮೇವಿಸ್ ನೀಲಿ ಲಂಗ ಹಾಕಿಕೊಂಡು, ಕೊರಳಿಗೆ ತಾನೇ ಹೆಣೆದ ಬಲೆಯ ಸರ ಹಾಕಿಕೊಂಡು ಬಂದು ಸೋಫಾದಲ್ಲಿ ನನ್ನ ಪಕ್ಕದಲ್ಲೇ ಕೂತಳು. ಅಲಂಕಾರ ಮಾಡಿದ ಕಲಶವನ್ನು ನೋಡಿ, ಆ ಸೀರೆಯ ನೆರಿಗೆ ಹಿಡಿದದ್ದು ಯಾರೆಂದು ಕೇಳಿದಳು. ನಾನೇ ಎಂದಾಗ ನನ್ನ ಬೆನ್ನು ತಟ್ಟಿದಳು.

ತುಳಸಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬಂದಳು. ನನ್ನನ್ನು ದಾಟಿ ಮೇವಿಸಳ ಮುಂದೆ ನಿಂತಳು. ಮೇವಿಸ್ ಮಗುವಿನ ಹಾಗೆ ಮುಖ ಮುಂದೆ ಚಾಚಿದಳು. ತುಳಸಿಯ ಬೆರಳು ಕುಂಕುಮಕ್ಕೆ ಇಳಿದಿತ್ತು. ಆಗ ನಾನು ಹೇಳಿದೆ, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ: ‘ನೋ ತುಳಸಿ. ಹರ್ ಹಸ್ಬೆಂಡ್ ಈಸ್ ಡೆಡ್. ಲೈಕ್ ಮೀ.’

ಯಾರೋ ‘ಅಯ್ಯೋ ಪಾಪ’ ಅಂದರು. ತುಳಸಿಯ ಕೈ ಅಲ್ಲೇ ನಿಂತಿತು. ಮೇವಿಸ್ ತಟ್ಟೆ ನೋಡಿದಳು, ನನ್ನ ಬರಿಹಣೆ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಹತ್ತಿರ ಸರಿದು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ‘ಸರಿ, ಹಾಗಾದರೆ ನಾನು ನಿನ್ನ ಕಡೆ’ ಅಂದಳು. ನಾನು ಅವಳನ್ನು ನನ್ನ ಪಕ್ಕಕ್ಕೆ ಕರೆದುಕೊಂಡೆ ಎಂದು ತಿಳಿದಳು. ಊಟದ ಹೊತ್ತಿನಲ್ಲೂ ನನ್ನ ಜೊತೆಯೇ ಕೂತು, ತುಪ್ಪ ಹಾಕಿಸಿಕೊಂಡು ಎರಡೆರಡು ಹೋಳಿಗೆ ತಿಂದಳು. ನನ್ನ ಹೋಳಿಗೆಯನ್ನೂ ಅವಳಿಗೇ ಬಡಿಸಿದೆ.

ಎಲ್ಲರೂ ಹೋದ ಮೇಲೆ ತುಳಸಿ, ‘ಅವರಿಗ್ಯಾಕೆ ಅತ್ತೆ ನಮ್ಮ ಶಾಸ್ತ್ರ? ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಾನೇ ಇರ್ಲಿಲ್ಲ’ ಅಂದಳು. ‘ಮುಂದೆ ಗೊತ್ತಾದ್ರೆ ನಾಲ್ಕು ಜನ ನಿನ್ನನ್ನೇ ಅಂತಾರೆ ಕಣಮ್ಮ, ಅದಕ್ಕೇ ಹೇಳ್ದೆ’ ಅಂದೆ.

ಮೇವಿಸ್ ಆಸ್ಟಿನ್ನಿಗೆ ಹೊರಡುವ ಮೊದಲು ಬಂದು ಆಮೆಯನ್ನು ನನ್ನ ಮಡಿಲಿಗೆ ಹಾಕಿದಳು. ಬೆನ್ನಿನ ಕೊನೆಯ ಸುತ್ತು ಬಾಕಿಯಿತ್ತು. ಅದಕ್ಕೆಂದು, ತನ್ನ ಊರಿನಿಂದ ತಂದಿದ್ದ ಒಂದು ಕೆಂಪು ಹಗ್ಗವನ್ನೂ ಕೊಟ್ಟಳು, ದಡದಲ್ಲಿ ಕೆಂಪು ಸಿಗುವುದು ಅಪರೂಪವಂತೆ. ‘ನೀನೇ ಮುಗಿಸು. ನೀನೇ ಇಟ್ಟುಕೋ’ ಅಂದಳು. ಈಗ ದಿನವೂ ಸಿಯಾಳ ಫೋನಿಗೆ ‘ನನ್ನ ತಂಗಿ ಹೇಗಿದ್ದಾಳೆ, ಆಮೆ ಮುಗಿಯಿತೇ’ ಎಂದು ಕೇಳಿ ಕಳಿಸುತ್ತಾಳೆ. ಸಿಯಾ ಬಂದು ‘ಅಜ್ಜಿ, ವಾಟ್ ಶುಡ್ ಐ ಸೇ?’ ಅಂದರೆ ನಾನು ಬಟ್ಟೆ ಮಡಚಲು ಎದ್ದುಹೋಗುತ್ತೇನೆ. ಸೂಜಿ ಕೈಗೆತ್ತಿಕೊಂಡರೆ ಬೆರಳು ಓಡುವುದಿಲ್ಲ.

ಮುಂದಿನ ವಾರ ಪ್ರದರ್ಶನ ನಿಮ್ಮ ಡಲ್ಲಾಸಿಗೆ ಬರುತ್ತದೆ. ಸಿಯಾ ವಿಳಾಸವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿದ್ದಾಳೆ. ನೀನು ಹೋಗಿ ಆಮೆಯನ್ನೂ ಕೆಂಪು ಹಗ್ಗವನ್ನೂ ಮೇವಿಸಳ ಕೈಗೇ ಕೊಡಬೇಕು. ನನ್ನನ್ನು ನಂಬಿ ಹೇಳಿದ್ದನ್ನು ನಾನು ಸಭೆಯಲ್ಲಿ ಆಡಿದೆ, ಇದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ. ತಪ್ಪಾಯಿತೆಂದು ಹೇಳು. ಮುಖ ಕೊಟ್ಟು ಹೇಳಲು ನಾಚಿಕೆ, ನಿನ್ನ ಹಿಂದೆ ಅಡಗುತ್ತಿದ್ದೇನೆ. ಬೇಡ ಎನ್ನಬೇಡ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಅಣ್ಣನ ಮಗಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನಗೆ ಬೈಯುವಷ್ಟು ಕಾಲವಾದರೂ.

ನಿನ್ನ
ವೇಣಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ತುಳಸಿಗೆ ನಾಲ್ಕು ಜನ, ಶಾಸ್ತ್ರ ಎಂದೆಲ್ಲ ಹೇಳಿದೆನಲ್ಲ, ಸುಳ್ಳು. ಮದುವೆಯಾಗದ ನಿನಗೆ ಇಂದಿಗೂ ಎಲ್ಲರೂ ಕುಂಕುಮ ಕೊಡುತ್ತಾರೆ, ನಿನಗೆ ಇದು ಗೊತ್ತಾಗುವುದಿಲ್ಲವೇನೋ. ಪ್ರತಿ ವರ್ಷ ತಟ್ಟೆ ಬರುವಷ್ಟರಲ್ಲಿ ನಾನೇ ಅಡುಗೆಮನೆಗೆ ಎದ್ದುಹೋಗುತ್ತಿದ್ದೆ. ಈ ಸಲ ಹೋಗಲಿಲ್ಲ. ಮೇವಿಸ್ ಪಕ್ಕದಲ್ಲಿದ್ದಾಳೆ, ಅವಳಿಗೆ ಇಡುವಾಗ ನನಗೂ ಇಟ್ಟಾಳು ಎಂದು, ಈ ವಯಸ್ಸಿನಲ್ಲಿ, ಸೆರಗು ಸರಿಮಾಡಿಕೊಂಡು ಕಾದು ಕೂತಿದ್ದೆ. ತಟ್ಟೆ ನನ್ನನ್ನು ದಾಟಿ ಹೋಯಿತು. ಅವಳ ಮುಂದೆ ನಿಂತಾಗ ಹೊಟ್ಟೆ ಉರಿಯಿತು. ನನಗಿಲ್ಲದ್ದು ಅವಳಿಗೂ ಬೇಡ ಅನ್ನಿಸಿತು, ಅಷ್ಟೇ. ಅವಳು ಅದನ್ನೇ ಪ್ರೀತಿ ಎಂದುಕೊಂಡು ಹೋಗಿದ್ದಾಳೆ. ಇದನ್ನು ಹೇಳದೆ ಆಮೆಯನ್ನು ಕೊಡಬೇಡ.